ಕನ್ನಡಿಗೆ ಸೊನ್ನೆ ಪೌಂಡು

ಆರು ನೂರು ಪೌಂಡು, ಮೇಲೆ ಒಂದು ಪೆನ್ನಿಯೂ ಇಲ್ಲ
ಅಂತ ಹಳೇ ಡೈರಿಯ ಕೊನೆಯ ಪುಟದಲ್ಲಿ
ಗೆರೆ ಎಳೆದು ಬರೆದೆ.
ಫಾಲಾಕ್ಷ ಚಹಾದ ಲೋಟ ಊರಿ
ಉಂಗುರದ ಮೊಹರು ಒತ್ತಿದ.

ಹಗಲೆಲ್ಲ ಆಸ್ಪತ್ರೆಯಲ್ಲಿ ನಾನು
ಜನರನ್ನು ಸ್ಕ್ಯಾನರಿನ ಕೊಳವೆಯೊಳಗೆ ಕಳಿಸುತ್ತೇನೆ.
ಅಲುಗಬೇಡಿ. ಉಸಿರು ಹಿಡಿಯಿರಿ. ಈಗ ಬಿಡಿ.
ಗಾಜಿನಾಚೆ ಅದು ಡಬಡಬ ಗುದ್ದುತ್ತದೆ,
ಕಂಚುಗಾರರ ಕೇರಿಗೆ ಕೇರಿಯೇ
ಒಬ್ಬನ ತಲೆಯೊಳಗೆ ಬಾಡಿಗೆಗೆ ಬಂದ ಹಾಗೆ.
ಸಂಜೆ ಶೆಫೀಲ್ಡಿನ ಏರು ಹತ್ತಿ ಮನೆ ಸೇರಿದರೆ
ನನಗೆ ಬೇಕಾದದ್ದು ಒಂದೇ ಒಂದು ತಂಬೂರಿ,
ಅದರ ಕೊನೆಯ ತನಕ.

ಆದರೆ ಈ ಕೋಣೆ! ಹನ್ನೊಂದಡಿಗೆ ಹನ್ನೆರಡು,
ಮುತ್ತಜ್ಜನ ಕಾಲದ ಇಟ್ಟಿಗೆ, ಬರಿ ಹಲಗೆಯ ನೆಲ.
ಚಪ್ಪಾಳೆ ತಟ್ಟಿದರೆ ಝಿರ್ರ್ ಅನ್ನುತ್ತದೆ
ಸ್ಟೀಲ್ ತಟ್ಟೆಗೆ ಬಿದ್ದ ಚಮಚದಂತೆ.
ಗೋಡೆಗೆ ಕಿವಿ ಇರುತ್ತದೆ ಅಂದವರು
ಬಾಯಿಯೂ ಇರುತ್ತದೆ ಅಂತ ಹೇಳಲಿಲ್ಲ.
ಮಂದ್ರದ ಷಡ್ಜ ಮೂಲೆ ಹಿಡಿದು ಕೂರುತ್ತದೆ,
ಮದುವೆ ಮುಗಿದರೂ ಹೊರಡದ ಬೀಗರು.

ಕಲ್ಲು ಕರಗಿಸಿ ನೂತ ಉಣ್ಣೆ, ಕುರಿಯಿಲ್ಲದ್ದು: ನೂರ ಅರವತ್ತೆಂಟು.
ಚೌಕಟ್ಟಿಗೆ ಪೈನ್ ಪಟ್ಟಿ: ಎಪ್ಪತ್ತನಾಲ್ಕು.
ಹೊದಿಸುವ ಬಟ್ಟೆ ನಲವತ್ತೈದು,
ಯಾರದೋ ಕಾಲು ಸವೆಸಿದ ಜಮಖಾನ ಅರವತ್ತು,
ಮೊಳೆ, ಪಿನ್ನು, ತೂಗುಕೊಂಡಿ, ಹತ್ತೊಂಬತ್ತು.
ಮೂಲೆಗಳಿಗೆ ಅಂಗಡಿಯ ರೆಡಿಮೇಡ್ ಕಂಬ: ಒಂದಕ್ಕೆ ಇನ್ನೂರಿಪ್ಪತ್ತು.
ಅದನ್ನು ಹೊಡೆದು ಹಾಕಿದೆ. ಎರಡು ಸಲ.

ಜನವರಿಯಲ್ಲಿ ಬಾಯ್ಲರು ಕೆಮ್ಮಿ ನಿಂತಿತು.
ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ,
ಇನ್ನೂರ ಎಪ್ಪತ್ತಕ್ಕೆ ಅದು
ಅರ್ಧ ಹಾಸಿಗೆಯನ್ನೇ ಸುತ್ತಿಕೊಂಡು ಹೋಯಿತು.
ಮೂವತ್ತಾರು ಪೌಂಡು ಕಮ್ಮಿ ಬಿತ್ತು.

ಮೂರ್ ಮಾರ್ಕೆಟ್ಟಿನಲ್ಲಿ ಒಂದೊಂದೇ ಥಾನಿಗೆ ಬಾಯಿಟ್ಟು ಊದಿದ್ದೆ,
ಉಸಿರು ದಾಟಿದರೆ ಸದ್ದೂ ದಾಟುತ್ತದೆ.
ಅಂಗಡಿಯವಳು ನನ್ನ ಕಡೆ ನೋಡುವುದನ್ನೇ ಬಿಟ್ಟಿದ್ದಳು.
ಪಕ್ಕದ ಮನೆಯ ಡೊರೀನ್‌ಗೆ ಇದನ್ನು ಹೇಳಿ ನಗಿಸಿದೆ.
ಮಾರನೆಯ ದಿನ ಹಸಿರು ಪರದೆ ನಾಲ್ಕು, ಮಡಿಸಿ,
ಇಸ್ತ್ರಿ ಮಾಡಿ, ಬಾಗಿಲಲ್ಲಿ.
ಊದಿದೆ. ದಾಟಿತು.
ಬಟ್ಟೆಯ ಸಾಲಿನಲ್ಲಿ ನಲವತ್ತೈದನ್ನು ಹೊಡೆದು ಬರೆದೆ:
ಚಕ್ಕುಲಿ, ಒಂದು ಡಬ್ಬಿ.

ಕೊನೆಯ ಸಾಲು ಕನ್ನಡಿ, ಬಚ್ಚಲಿಂದ ಕಳಚಿ ತಂದದ್ದು.
ನಾನು ಕುರ್ಚಿಯಲ್ಲಿ ಕೂತೆ.
ಫಾಲಾಕ್ಷ ಅದನ್ನು ಗೋಡೆಗೊತ್ತಿ ಇಂಚಿಂಚೇ ಸರಿಸಿದ.
ಎಲ್ಲಿ ಸ್ಪೀಕರಿನ ಮುಖ ಕಾಣುತ್ತದೋ
ಅಲ್ಲೇ ಸದ್ದು ಬಡಿದು ತಿರುಗಿ ಬರುವುದು,
ಅಲ್ಲೊಂದು ಪೆನ್ಸಿಲ್ ಗುರುತು.
ಕಾಣ್ತಾ?
ಇಲ್ಲ.
ಈಗ?
ನಿನ್ನ ಹೆಬ್ಬೆರಳು.
ಈಗ?
ಸ್ಪೀಕರು ಕಂಡಿತು, ಅದರ ಅಂಚಿನಲ್ಲಿ ಅವನ ಅರ್ಧ ಮುಖ,
ನಾಲಗೆ ಕಚ್ಚಿಕೊಂಡು, ತೂಕಕ್ಕೆ ತೋಳು ನಡುಗುತ್ತ.
ಇಪ್ಪತ್ತೆರಡು ವರ್ಷದಲ್ಲಿ ಇಷ್ಟು ಹೊತ್ತು
ಈ ಕೋನದಿಂದ ನೋಡಿದ್ದಿಲ್ಲ.
ಅಲುಗಬೇಡ, ಉಸಿರು ಹಿಡಿ, ಅಂದೆ ರೂಢಿಯಲ್ಲಿ.
ಹಿಡಿದ.
ಬಿಡು ಅನ್ನುವುದು ಸ್ವಲ್ಪ ತಡವಾಯಿತು.

ಈಗ ಹಸಿರು ಚೌಕಟ್ಟು ಆರು, ಮೂಲೆಗೆ ಎರಡು.
ಚಪ್ಪಾಳೆ ತಟ್ಟಿದರೆ ಚಪ್ಪಾಳೆ, ಅಷ್ಟೇ.
ಬೀಗರು ಪೂರ್ತಿ ಹೋಗಿಲ್ಲ, ಚಪ್ಪಲಿ ಹುಡುಕುತ್ತಿದ್ದಾರೆ.
ತಂಬೂರಿ ಮಾತ್ರ ತಾನು ನಿಂತಲ್ಲೇ ನಿಲ್ಲುತ್ತದೆ:
ನಾನು ಮುಗಿಯಿತು ಅಂದುಕೊಂಡಿದ್ದ ಜಾಗದಿಂದ
ಇನ್ನೂ ಏಳು ಸೆಕೆಂಡು ಆಚೆ.

ಈ ಕಲ್ಲುಣ್ಣೆ ಪಕ್ಕದ ಮನೆಯ ಸದ್ದು ತಡೆಯುವುದಿಲ್ಲ,
ಅದು ಬೇರೆ ಲೆಕ್ಕ, ಬೇರೆ ಡೈರಿ.
ಕೈಯಲ್ಲಿ ಮಿಕ್ಕದ್ದು ಒಂಬತ್ತು ಪೌಂಡು.
ಏಳನೆಯ ಸೆಕೆಂಡೂ ಆರಿದ ಮೇಲೆ ನಿನ್ನೆ
ಗೋಡೆಯಾಚೆ ಎಲ್ಲೋ, ಸ್ಪಷ್ಟವಾಗಿ, ಕಟಂ.
ಡೊರೀನ್ ಡಬ್ಬಿ ತೆಗೆದಿದ್ದಳು.