ಉಬ್ಬರದ ಪಟ್ಟಿ

ವಾಸ್ಕೋದಾಚೆ, ಚಿಖಲಿಯ ಹಡಗುಕಟ್ಟೆಯಲ್ಲಿ
ನಮ್ಮದೊಂದು ಆಫೀಸು.
ಆಫೀಸೆಂದರೆ ತಗಡಿನ ಕಂಟೇನರು.
ಯಾವುದೋ ಎಂಜಿನ್ ಹೊತ್ತು ಬಂದದ್ದು ಮರಳಿ ಹೋಗಲಿಲ್ಲ;
ಕಿಟಕಿ ಕೊರೆದು, ಏಸಿ ತುರುಕಿ
ಬಾಗಿಲ ಮೇಲೆ ಬರೆಸಿದರು: ಪಿ.ಎಂ.ಓ.
ವೆಲ್ಡರುಗಳು ಅದನ್ನು ಬಿಡಿಸಿ ಓದಿದರು:
'ಪುಕ್ಕಟೆ ಮಂದಿ ಓಣಿ.'

ತಪ್ಪೇನಿಲ್ಲ. ಮೊದಲ ವರ್ಷ
ನಾವು ಮೂವರಲ್ಲಿ ಒಬ್ಬರೂ
ಒಂದು ಮೊಳೆ ಹೊಡೆದವರಲ್ಲ.
ಕೇಳುವುದೇ ಕಸುಬು: ಎಲ್ಲಿಗೆ ಬಂತು? ಯಾವಾಗ ಮುಗಿದೀತು?
ಎಲ್ಲರದೂ ಒಂದೇ ಉತ್ತರ: 'ಆಕ್ಕೈತಿ ಬಿಡ್ರಿ.'
ಆ 'ಆಕ್ಕೈತಿ'ಯನ್ನು ಶೇಕಡಾ ತೊಂಬತ್ತೆಂದು ತುಂಬಿ
ಚೌಕಕ್ಕೆ ಹಸಿರು ಬಳಿದು
ಶುಕ್ರವಾರ ಮುಂಬಯಿಗೆ ಕಳಿಸುತ್ತಿದ್ದೆ.
ತೊಂಬತ್ತು, ತೊಂಬತ್ತು, ತೊಂಬತ್ತೊಂದು.
ಹನ್ನೊಂದು ವಾರ, ಒಂದು ದೋಣಿಯ ಬೆನ್ನೆಲುಬು
ನನ್ನ ಹಾಳೆಯಲ್ಲೇ ಮುದಿಯಾಯಿತು.

ಮೇಜಿನ ಮೇಲೆ ಬಂದರಿನ ಕಲ್ಲಿದ್ದಲ ಪುಡಿ.
ಬೆಳಿಗ್ಗೆ ಒರೆಸಿದರೆ ಮಧ್ಯಾಹ್ನಕ್ಕೆ ಮತ್ತೆ.
'ಇದೊಂದೇ ಇಲ್ಲಿ ಹೇಳಿದ ಹೊತ್ತಿಗೆ ಬರುವುದು'
ಎನ್ನುವಳು ಮುಖ್ಯಸ್ಥೆ ಇರ್ಮಾ ಕುಲಾಸೊ,
ಪುಡಿಯ ಮೇಲೆ ಬೆರಳಿಂದ ತಾರೀಖು ಬರೆಯುತ್ತ.
ಗೋಡೆಗೆ ಅವಳು ಅಂಟಿಸಿದ್ದು ನಮ್ಮ ಪಟ್ಟಿಯಲ್ಲ,
ಉಬ್ಬರ ಇಳಿತದ್ದು.
'ನೋಡು, ಇನ್ನೊಂದು ವಾರ ಕೊಡು ಅಂತ
ಝುವಾರಿಗೆ ಯಾರೂ ಈಮೇಲ್ ಹಾಕುವುದಿಲ್ಲ.'

ಪುಣೆಯಿಂದ ಒಬ್ಬ ಬಂದ, ಪಕ್ವತೆ ಅಳೆಯಲು.
ಐದು ಮೆಟ್ಟಿಲ ಏಣಿ, ನೂರ ಹತ್ತು ಪ್ರಶ್ನೆ.
ಎರಡು ದಿನ ತಗಡಿನೊಳಗೆ ಬೆವತು
'ಎರಡು ಪಾಯಿಂಟ್ ನಾಲ್ಕು' ಎಂದು ಹೇಳಿ
ದಾಬೋಳಿಯಿಂದ ವಿಮಾನ ಹತ್ತಿದ.
ಆ ಪಾಯಿಂಟ್ ನಾಲ್ಕು ನಮ್ಮಲ್ಲಿ ಯಾರಿರಬಹುದು,
ಊಟದ ಹೊತ್ತಿಗೆ ಅದೇ ಚರ್ಚೆ.
ಹಲಸು ಮಾಗಿದ್ದು ಮೂಗಿಗೇ ಗೊತ್ತಾಗುತ್ತೆ,
ಏಣಿ ಯಾಕೆ, ಅಂದ ಸಾವ್ಳೊ ಗಾವಸ, ಬಾಂಗಡೆಯ ಮುಳ್ಳು ಬಿಡಿಸುತ್ತ.

ಮುಂಬಯಿಯದು ಬೇರೆಯೇ ಪ್ರಶ್ನೆ:
ಈ ಆಫೀಸಿಂದ ಲಾಭವೆಷ್ಟು, ರೂಪಾಯಿ ಲೆಕ್ಕದಲ್ಲಿ?
ಹತ್ತದೇ ಉಳಿದ ಬೆಂಕಿಗೆ
ಯಾವ ಅಂಗಡಿಯಲ್ಲಿ ರಸೀದಿ ಕೊಡುತ್ತಾರೆ?
ಆ ಅಂಕಣ ಖಾಲಿ ಬಿಟ್ಟೆವು.

ಒಂದು ಮಂಗಳವಾರ, ಊಟದ ಗಂಟೆಯಲ್ಲಿ,
ಗಜೇಂದ್ರಗಡದ ಹುಚ್ಚೀರಪ್ಪ
ಕರೆಯದೆ ಬಂದ.
ಸಾಲಿಗೆ ಬಂದವನಂತೆ ಬೂಟು ಹೊರಗೆ ಬಿಚ್ಚಿಟ್ಟು
ಬರಿಗಾಲಲ್ಲಿ ನಿಂತು ಹೇಳಿದ:
'ಹದಿನಾಕನೇ ಜೋಡ ನಾನಽ ಮಾಡಿದ್ದರೀ.
ನೋಡಾಕ ಚಲೋ ಐತಿ. ಒಳಗ ಟೊಳ್ಳ ಐತಿ.
ಎಕ್ಸ್‌ರೇ ಅಲ್ಲಿ ಬಿದ್ದಿಲ್ಲ. ಯಾರಿಗೂ ಗೊತ್ತಾಗೂದಿಲ್ಲ.
ಬರ್ಕೋರಿ.'

ನೀರಿಗಿಳಿಸಲು ಒಂಬತ್ತು ದಿನ.
ಆ ಉಬ್ಬರ ತಪ್ಪಿದರೆ ಮುಂದಿನ ದೊಡ್ಡ ನೀರು
ಹದಿನೈದು ದಿನದಾಚೆ.
ನಾನು ಕೆಂಪು ಬಳಿದೆ. ಮೂರು ವರ್ಷದಲ್ಲಿ ಮೊದಲ ಸಲ;
ಬಣ್ಣ ಎಲ್ಲಿದೆಯೆಂದು ಹುಡುಕಬೇಕಾಯಿತು.
ಇರ್ಮಾ ಯಾಕೆ ಎನ್ನಲಿಲ್ಲ, ಯಾರು ಎನ್ನಲಿಲ್ಲ.
'ಎಷ್ಟು ದಿನ?'
'ನಾಕು.'
ಸಂಜೆಯೊಳಗೆ ಬಣ್ಣದವರು, ಪಂಪಿನವರು, ಕ್ರೇನಿನ ಸಾವ್ಳೊ
ಕೇರಂ ಬೋರ್ಡಿಗೆ ಬಗ್ಗಿದಂತೆ ನನ್ನ ಹಾಳೆಗೆ ಬಗ್ಗಿ
ದಿನಗಳನ್ನು ಅತ್ತಿತ್ತ ಸರಿಸುತ್ತಿದ್ದರು.
ಕರೆಯದೆ ಬಂದು ಹೇಳುವವರು ಎಷ್ಟು ಮಂದಿ ಎಂದು
ಪುಣೆಯವನು ಕೇಳಿರಲಿಲ್ಲ.

ಶುಕ್ರವಾರ ಫೋನು ಕಿರುಚಿತು: ಇದೇನು ಕೆಂಪು?
ಇರ್ಮಾ ಉತ್ತರಿಸದೆ
ರಿಸೀವರನ್ನು ಕಿಟಕಿಯಾಚೆ ಹಿಡಿದಳು.
ಹೊರಗೆ ಹುಚ್ಚೀರಪ್ಪ ತನ್ನ ಬೆಸುಗೆಯನ್ನು ತಾನೇ ಕೊರೆಯುತ್ತಿದ್ದ.

ದೋಣಿ ಇಳಿಯಿತು, ಹನ್ನೆರಡು ನಲವತ್ತರ ನೀರಿಗೆ.
ತೆಂಗಿನಕಾಯಿ, ಭಾಷಣ, ಪೇಡೆ.
ಧನ್ಯವಾದದ ಸಾಲಿನಲ್ಲಿ ಕ್ಯಾಂಟೀನಿತ್ತು, ನಾವಿರಲಿಲ್ಲ.
ಬಾಗಿಲ ಮೇಲಿನ ಮೂರಕ್ಷರವನ್ನು
ಈಗಲೂ ಹಾಗೇ ಓದುತ್ತಾರೆ.

ಹುಚ್ಚೀರಪ್ಪ ಮಾತ್ರ ಈಗ ಬೂಟು ಬಿಚ್ಚುವುದಿಲ್ಲ.
ದಢದಢ ಒಳಗೆ ಬಂದು, ಕುರ್ಚಿ ಎಳೆದುಕೊಂಡು,
'ಒಂದ್ ಸುದ್ದಿ ಐತಿ, ಚಲೋದಲ್ಲ' ಅನ್ನುತ್ತಾನೆ.
ನೆಲದ ತುಂಬ ಕಪ್ಪು ಹೆಜ್ಜೆ.
ಒರೆಸಲು ಬಗ್ಗಿದೆ.
ಇರ್ಮಾ ಪಟ್ಟಿಯಿಂದ ಕಣ್ಣೆತ್ತದೆ
'ಇರಲಿ, ಮೊದಲು ಚಹಾ ಹೇಳು' ಅಂದಳು.