ಬಿತ್ತನೆಗೆ ಎರಡು ಸೇರು ಕಮ್ಮಿ

ಪರಶುರಾಂಪುರದ ಹಾದಿಯಲ್ಲಿ, ಜಾಲಿ ಸಾಲು ಮುಗಿದ ಮೇಲೆ
ಎಡಕ್ಕೆ ನಮ್ಮದು. ಬೋರ್ಡಿನ ಮೇಲಿನ ಹೆಸರು ಉದ್ದ,
ಊರವರು ಕರೆಯುವುದು ಮಕ್ಳ ಹಟ್ಟಿ ಅಂತ.
ನಾಲ್ಕೂವರೆ ಎಕರೆ ಕೆಂಪು ನೆಲ, ಎರಡಿಂಚು ನೀರಿನ ಬೋರು,
ಒಂದು ಎಮ್ಮೆ, ಅದರ ಹಟಮಾರಿ ಕರು,
ಇಪ್ಪತ್ಮೂರು ತಟ್ಟೆ.

ತಟ್ಟೆ ಎಣಿಸಿಯೇ ನನ್ನ ಲೆಕ್ಕ ಶುರು, ದಿನವೂ:
ಒಂದು ಸಾಲು ಬದನೆ ಅಂದರೆ ಎರಡು ಹೊತ್ತಿನ ಸಾರು,
ಒಂದು ಮೂಟೆ ಈರುಳ್ಳಿ ಅಂದರೆ ಮೂರು ಜೊತೆ ಚಪ್ಪಲಿ,
ಅದೂ ರೇಟು ಇದ್ದ ವಾರ.
ಇಲ್ಲದ ವಾರ ಈರುಳ್ಳಿಯನ್ನೇ ತಿನ್ನುತ್ತೇವೆ,
ಮಾರಕ್ಕ ಅದಕ್ಕೆ ಏಳು ಹೆಸರಿಡುತ್ತಾಳೆ.

ಮೃಗಶಿರಕ್ಕೆ ಎರಡು ಹದ ಮಳೆ ಬಿತ್ತು.
ಬೀಜದ ಶೇಂಗಾ ಚೀಲ ಬಿಚ್ಚಿದೆವು.
ಊಟದ ಮೇಲೆ ಪಡಸಾಲೆ ತುಂಬ ಚಟಚಟ,
ಹೆಬ್ಬೆರಳು ಕೆಂಪಾಗುವ ತನಕ.
ಸಣ್ಣವರು ಸುಲಿದದ್ದಕ್ಕಿಂತ ಮುಕ್ಕಿದ್ದೇ ಹೆಚ್ಚು, ಅದಕ್ಕೆ ಲೆಕ್ಕವಿಲ್ಲ.
ಆದರೂ ಅಳೆದಾಗ ಎರಡು ಸೇರು ಕಮ್ಮಿ.
ಪಾಲಯ್ಯ ಮತ್ತೆ ಅಳೆದ. ಸೇರಿನ ತಳ ತಟ್ಟಿದ.
'ಇಲಿ' ಅಂದ, ನನ್ನ ಮುಖ ನೋಡದೆ.

ಇಲಿಗೆ ಟ್ರಂಕಿಗೆ ಬೀಗ ಹಾಕಲು ಬರುವುದಿಲ್ಲ.

ಓಬಳೇಶ ಬಂದು ಏಳು ತಿಂಗಳು.
ಹಿರಿಯೂರಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವನು ಎಂದು ಕಾಗದ ಹೇಳುತ್ತದೆ;
ಅವನು ಏನೂ ಹೇಳುವುದಿಲ್ಲ.
ಮೂರು ಮುದ್ದೆ ಉಣ್ಣುತ್ತಾನೆ, ನಾಲ್ಕನೆಯದರ ಕಡೆ ನೋಡುತ್ತಾನೆ.
ಟ್ರಂಕಿನಲ್ಲಿ ಒಂದು ಅಂಗಿ, ತೋಳಿಗೆ ಗಂಟು,
ಗಂಟಿನೊಳಗೆ ಬೀಜ; ಸಾಕ್ಸಿನಲ್ಲಿ ಬೀಜ;
ಕಂಪಾಸು ಬಾಕ್ಸಿನಲ್ಲಿ, ಕೈವಾರದ ಪಕ್ಕ, ಬೀಜ.
ಒಂದನ್ನೂ ತಿಂದಿರಲಿಲ್ಲ.

'ಯಾಕೋ?'
ಬಹಳ ಹೊತ್ತು ಗುಡ್ಡದ ಮೇಲಿನ ಗಾಳಿಯಂತ್ರ ನೋಡಿದ.
'ಎಲ್ಲಾ ಆಗೋಗೋ ದಿನಕ್ಕೆ.'

ಅಂಥ ದಿನ ಬರುವುದಿಲ್ಲ ಅನ್ನಬಹುದಿತ್ತು.
ಬಾಯಿ ಬರಲಿಲ್ಲ. ಹೋದ ಮಾಗಿಯಲ್ಲಿ
ಬರಬೇಕಾದ ದುಡ್ಡು ಬಾರದೆ ಹನ್ನೊಂದು ದಿನ
ಅಂಬಲಿಯಲ್ಲೇ ದಾಟಿದ್ದೆವು, ಅವನೂ ತಟ್ಟೆ ನೆಕ್ಕಿದವನೇ.

ಪಾಲಯ್ಯ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ:
'ಟ್ರಂಕಾಗೆ ಇಟ್ರೆ ಮುಗ್ಗು ಹಿಡೀತೈತೆ ಕಣಪ್ಪ.
ನಾವೂ ಬಚ್ಚಿಡೋರೇ. ಮಣ್ಣಾಗೆ ಇಡ್ತೀವಿ, ಅಷ್ಟೆ.
ಬಾ, ಎಲ್ಲಿ ಇಟ್ಟೆ ಅಂತ ನೀನೇ ಗುರುತು ಮಾಡ್ಕೋ.'

ಕೂರಿಗೆಯ ಹಿಂದೆ ಹೋಗಲಿಲ್ಲ ಹುಡುಗ.
ಬದುವಿನ ಹತ್ತಿರ, ಅಕ್ಕಡಿ ತೊಗರಿಯ ಆಚೆ,
ಬೆರಳಿಂದ ತೂತು, ತೂತಿಗೊಂದು ಬೀಜ,
ಮೇಲೊಂದು ಕಲ್ಲು. ಪ್ರತಿಯೊಂದಕ್ಕೂ ಕಲ್ಲು!
ಅವನ್ನು ತೆಗೆಸಲು ಮೂರು ದಿನ ಬೇಕಾಯಿತು.

ಅದೇ ವಾರ, ಸಂಜೆ, ತಾಲ್ಲೂಕಿನಿಂದ ಸಾಹೇಬರು,
ಕಂಕುಳಲ್ಲಿ ಫಾರಂ:
'ಮಕ್ಕಳನ್ನು ಹೊಲದಲ್ಲಿ ದುಡಿಸ್ತೀರಂತೆ?'
ನಿಯಮ ಗೊತ್ತು ನನಗೆ; ನಿಯಮ ಒಳ್ಳೆಯದೇ.
ಸ್ಕೂಲಿನ ಹಾಜರಿ ತೋರಿಸಿದೆ, ಪಾಲಯ್ಯನ ಕೂಲಿ ಚೀಟಿ ತೋರಿಸಿದೆ.
ಓಬಳೇಶ ಬದುವಿನ ಮೇಲೆ, ಮೊಣಕಾಲಿಗೆ ಗದ್ದ ಒತ್ತಿ,
ನೆಲವನ್ನೇ ನೋಡುತ್ತಿದ್ದ.
'ಅವನೇನು ಮಾಡ್ತಿದಾನೆ?'
'ಅವನ್ ದುಡ್ಡು ಬ್ಯಾಂಕಾಗೈತೆ ಸಾರ್, ಕಾಯ್ತಾವ್ನೆ' ಅಂದಳು ಮಾರಕ್ಕ.
ಸಾಹೇಬರು ಅದನ್ನು ಯಾವ ಕಾಲಮ್ಮಿನಲ್ಲಿ ಬರೆದುಕೊಂಡರೋ.

ಎಂಟನೆಯ ದಿನ ಮೂಡಿತು. ಎಲ್ಲವೂ ಅಲ್ಲ.
ಸಾಕ್ಸಿನೊಳಗೆ ಬೆವೆತದ್ದು ಕೊಳೆತೇ ಹೋಗಿತ್ತು,
ನಡುನಡುವೆ ಬೋಳು.
ಬೋಳನ್ನೇ ಎಣಿಸಿದ ಅವನು, ನಲವತ್ತೊಂದು,
ರಾತ್ರಿ ನನ್ನ ಬಾಗಿಲಿಗೆ ಬಂದು ಅದಷ್ಟನ್ನು ಹೇಳಿ
ಹೋಗಿ ಮಲಗಿದ.
ನಾನು ಕೇಳದೆ ಅವನು ಆಡಿದ ಮೊದಲ ಮಾತು.

ಟ್ರಂಕಿನ ಮೂಲೆಯಲ್ಲಿ ಇನ್ನೂ ಒಂದು ಹಿಡಿ ಇದೆ.
ಗುಡಿಸಲು ಸರಿಸಿದಾಗ ಸದ್ದು ಬರುತ್ತದೆ. ತೆಗೆದು ನೋಡುವುದಿಲ್ಲ.
ನವಣೆ ಡಬ್ಬಿಯ ತಳದಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ,
ಯಾರಿಗೂ ಹೇಳದ ಐನೂರರ ಎರಡು ನೋಟು
ನನ್ನವೂ ಇವೆ.