ಶಿಫ್ಟ್ ಹಿಡಿಯುವವರು

ಅಂಗೈ ಮಡಚುವುದಿಲ್ಲ. ಮಣಿಕಟ್ಟಿಗೆ ವೆಲ್ಕ್ರೋ ಪಟ್ಟಿ,
ಪಟ್ಟಿಯೊಳಗೆ ತಲೆಕೆಳಗಾದ ಪೆನ್ಸಿಲ್ಲು.
ರಬ್ಬರಿನ ತುದಿ ಕೀಲಿಯ ಮೇಲೆ ಜಾರುವುದಿಲ್ಲ,
ಹಾಗಾಗಿ ಅಳಿಸುವ ಕಡೆಯಿಂದಲೇ ನಾನು ಬರೆಯುವುದು.

ಚೆನ್ನಯ್ಯನಕೋಟೆಯ ಲೈನ್ ಮನೆ. ಕಿಟಕಿಯ ಪಕ್ಕ ಮೇಜು,
ಮೇಜಿನ ಮೇಲೆ ಸಾವ್ಕಾರ್ರ ಹಳೇ ಕಂಪ್ಯೂಟರು,
ಅದರೊಳಗೆ ಚೆಕ್‌ರೋಲು: ಯಾರು ಬಂದರು, ಯಾರದು ಅರ್ಧ ದಿನ,
ಹಣ್ಣು ಎಷ್ಟು ಕಿಲೋ, ಮಳೆ ಎಷ್ಟು ಇಂಚು, ಎಷ್ಟು ಸೆಂಟು.
ಮೊದಲು ಅದರಲ್ಲಿ ನನ್ನ ಹೆಸರಿರುತ್ತಿತ್ತು.
ಈಗ ಬರೆಯುವವ ನಾನು.
ತೋಟದಲ್ಲಿ ಇದಕ್ಕೆ ರೈಟರ್ ಅನ್ನುತ್ತಾರೆ.

ಶುರುವಿನಲ್ಲಿ ಒಂದು ಸಲಕ್ಕೆ ಒಂದೇ ಕೀಲಿ.
ಎರಡು ಒಟ್ಟಿಗೆ ಒತ್ತಲು
ಎರಡನೆಯದು ನನ್ನಲ್ಲಿಲ್ಲ.
ಮಳೆ ಎಂದುಕೊಂಡು ಒತ್ತಿದರೆ ಮಲೆ ಬಂತು:
ಮಲೆ ೨.೪೦.
ಕಳೆ ತೆಗೆದವರು ಕಲೆ ತೆಗೆದವರಾದರು,
ಬೆಳೆ ಇದ್ದಲ್ಲೆಲ್ಲ ಬೆಲೆ.
ಸಾವ್ಕಾರ್ರು ಓದಿ ನಕ್ಕರು,
"ಇಷ್ಟು ಬೆಲೆ ಬಂದಿದ್ರೆ ನಾನ್ಯಾಕೆ ಹೀಗಿರ್ತಿದ್ದೆ, ಚಾತ?"

ಕೊಡಗು ಬರೆಯಲು ಶಿಫ್ಟ್ ಬೇಡ. ಕಾಫಿಗೆ ಎರಡು ಸಲ ಬೇಕು.
ಮುತ್ತಿ, ನನ್ನ ಹೆಂಡತಿ, ಸುಮ್ಮನೆ ಬರುತ್ತಾಳೆ.
ಚಾತನಿಗೆ ಬೇಕು.
ಅವರು ಎಂದು ಯಾರನ್ನು ಬೇಕಾದರೂ ಬರೆದುಬಿಡಬಹುದು,
ನಾನು ಎನ್ನಲು ಬೇಕು.
ಪಿಂಚಣಿಯ ಅರ್ಜಿ ಹೀಗೆ ಹೋಯಿತು ವಿರಾಜಪೇಟೆಗೆ:
ಅವರು ಮರ ಹತ್ತಿದರು. ಅವರು ಬಿದ್ದರು. ಅವರು ಬದುಕಿದರು.
ಗುಮಾಸ್ತ ಫೋನ್ ಮಾಡಿ ಕೇಳಿದ, ಅರ್ಜಿ ಯಾರದ್ದು?

ಆಮೇಲೊಂದು ಸಂಜೆ ಸೆಟೆತ ಬಂತು.
ಬೆನ್ನಿನಿಂದ ಹೊರಟು ತೋಳಿಗಿಳಿದು
ಪೆನ್ಸಿಲ್ಲು ಬಿದ್ದಲ್ಲೇ ಬಿತ್ತು, ಟಕ ಟಕ ಟಕ ಟಕ ಟಕ.
ಕಂಪ್ಯೂಟರು ಕೂಗಿತು. ಒಂದು ಚೌಕ ಎದ್ದು ನಿಂತಿತು, ಇಂಗ್ಲಿಷಿನಲ್ಲಿ.
ಮುತ್ತಿ ವಯರು ಕೀಳಲು ಓಡಿದಳು. ತಡಿ ಅಂದೆ.
ಪಕ್ಕದ ಲೈನಿನ ರಮ್ಶೀನಾ, ಎಂಟನೇ ಕ್ಲಾಸು, ಬಂದು ಓದಿದಳು:
"ಶಿಫ್ಟನ್ನು ಐದು ಸಲ ಒತ್ತಿದ್ರಲ್ಲ ಮಾಮಾ,
ಅಂಟಿಕೊಳ್ಳುವ ಕೀಲಿ ಬೇಕಾ ಅಂತ ಕೇಳ್ತಾ ಉಂಟು."
ಹೂಂ ಅನ್ನು, ಅಂದೆ.

ಈಗ ಒಮ್ಮೆ ಒತ್ತಿ ಬಿಟ್ಟರೆ ಸಾಕು,
ಶಿಫ್ಟ್ ತಾನೇ ಹಿಡಿದುಕೊಂಡಿರುತ್ತದೆ.
ಮುತ್ತಿ ಕುಡಿಸುವ ಚಾಯ ಒಂದು ಗುಟುಕು ಕುಡಿದು,
ತೋಳಿನ ನಡುಕ ನಿಲ್ಲಲಿ ಎಂದು ಕಾದು,
ಆಮೇಲೆ ನಿಧಾನಕ್ಕೆ ಹೋಗಿ ಮುಟ್ಟಿದರೂ
ಳ ಬರುತ್ತದೆ.

ಮೊದಲು ಬರೆದದ್ದು ಮಳೆಯಲ್ಲ, ನನ್ನ ಹೆಸರೂ ಅಲ್ಲ.
ಏಣಿ.
ಎರಡಕ್ಕೆರಡೂ ಅಕ್ಷರಕ್ಕೆ ಶಿಫ್ಟ್ ಬೇಕು ಅದಕ್ಕೆ.

ಒಂಟಿ ಬಿದಿರು. ಗೆಣ್ಣಿಗೊಂದು ಗೂಟ, ಗೂಟಕ್ಕೆ ಒಂದೇ ಪಾದ.
ಸಿಲ್ವರ್ ಮರಕ್ಕೆ ಒರಗಿಸಿ, ಮೆಣಸಿನ ಬಳ್ಳಿಯೊಳಗೆ ಮುಖ ತೂರಿಸಿ
ಸೊಂಟದ ಚೀಲ ತುಂಬುವ ತನಕ
ಕೆಳಗೆ ಹಿಡಿದವ ಮೇಲಿದ್ದವನಿಗೆ ಕಾಣುವುದಿಲ್ಲ.
ಇದ್ದಾನೆ ಎಂದು ಕಾಲಿಗೆ ಗೊತ್ತಿರುತ್ತದೆ, ಅಷ್ಟೇ.
ಆ ದಿನ ಸುಕುವಿಗೆ ಫೋನ್ ಬಂತು, ಮಗಳಿಗೆ ಹೆರಿಗೆಯಾಯಿತೆಂದು.
ಎರಡು ನಿಮಿಷ ಇರಬಹುದು.
ನಾನು ಅವನನ್ನು ಬೈದಿಲ್ಲ. ಅವನೇ
ನಮ್ಮ ಬಾಗಿಲ ಮುಂದೆ ಈಗಲೂ ಬೇಗ ಬೇಗ ದಾಟುತ್ತಾನೆ.
ಸುಕು. ಈ ಹೆಸರಿಗೂ ಶಿಫ್ಟ್ ಬೇಡ.
ದಿನಾ ಬೆಳಿಗ್ಗೆ ಬರೆಯುತ್ತೇನೆ, ಹಾಜರಿ.

ನಿನ್ನೆ ರಾತ್ರಿ ಶಿಫ್ಟ್ ಒತ್ತಿ
ಮುಂದಿನ ಅಕ್ಷರ ಯಾವುದೆಂದು ಯೋಚಿಸುತ್ತಾ
ಕುರ್ಚಿಯಲ್ಲೇ ನಿದ್ದೆ ಹೋದೆ.
ಮುತ್ತಿ ಯಾವಾಗಲೋ ಎತ್ತಿ ಮಲಗಿಸಿದ್ದಾಳೆ.
ಬೆಳಿಗ್ಗೆ ಕೂತು ನ ಒತ್ತಿದರೆ
ಣ ಬಂತು.

ಇಡೀ ರಾತ್ರಿ
ಹಿಡಿದುಕೊಂಡೇ ನಿಂತಿತ್ತು, ಕೆಳಗೆ.